ಹೊಟ್ಟೆಯಲ್ಲಿರುವುದು ‘ವ್ಯಕ್ತಿ’ ಆಗುವುದು ಯಾವ ವಾರದಲ್ಲಿ? ಫಾರ್ವರ್ಡ್ ಹೇಳುವುದು ಒಂದು, ಕಾನೂನು ಹೇಳುವುದು ಇನ್ನೊಂದು

ಅಂಗೈ ಮೇಲೆ ಮಲಗಿಸಿದ ಪುಟಾಣಿ ಮಗುವಿನ ಚಿತ್ರ. ಅದರ ಕೆಳಗೆ ಹೀಗೊಂದು ಬರಹ: ‘6ನೇ ವಾರಕ್ಕೇ ಹೃದಯ ಬಡಿಯುತ್ತದೆ. 8ನೇ ವಾರಕ್ಕೆ ನೋವು ಗೊತ್ತಾಗುತ್ತದೆ. ಗರ್ಭ ತೆಗೆಸುವುದು ಕೊಲೆ. ಭಾರತದಲ್ಲಿ ಇದಕ್ಕೆ ಜೈಲು ಶಿಕ್ಷೆ ಇದೆ. ಗಂಡನ ಸಹಿ ಇಲ್ಲದೆ ಯಾವ ಡಾಕ್ಟರೂ ಮಾಡುವಂತಿಲ್ಲ. ಹತ್ತು ಜನರಿಗೆ ಕಳಿಸಿ.’

ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಕಾರವಾರದ ಕೋಡಿಬಾಗದಲ್ಲಿರಲಿ, ಅಂಕೋಲಾದ ಬೇಲೇಕೇರಿಯಲ್ಲಿರಲಿ, ಊರಿನ ಗುಂಪು, ಸಂಘದ ಗುಂಪು, ಕುಟುಂಬದ ಗುಂಪು ಎಲ್ಲವನ್ನೂ ಸುತ್ತಿ ಬರುವ ಜಾತಿಯದು ಇದು. ಇದರಲ್ಲಿ ಒಂದು ಮಾತು ಅರ್ಧ ಸರಿ, ಒಂದು ಮಾತು ಇನ್ನೂ ಚರ್ಚೆಯಲ್ಲಿರುವುದು, ಉಳಿದವು ತಪ್ಪು. ತಪ್ಪು ಮಾತಿನಿಂದ ಆಗುವ ಹಾನಿ ಸಣ್ಣದಲ್ಲ. ಸಂದೇಶ ಓದಿ ಹೆದರಿದ ಹೆಣ್ಣುಮಗಳು ಆಸ್ಪತ್ರೆಗೆ ಹೋಗುವುದನ್ನು ಮೂರು ವಾರ ಮುಂದೂಡುತ್ತಾಳೆ. ಈ ವಿಷಯದಲ್ಲಿ ಮೂರು ವಾರ ಎಂದರೆ ಕಾನೂನಿನ ಒಂದು ಗೆರೆ ದಾಟಿದಂತೆ.

ಮೊದಲು ವಾರದ ಲೆಕ್ಕ ನೋಡೋಣ. ‘6ನೇ ವಾರ’ ಎಂದು ಡಾಕ್ಟರು ಹೇಳಿದಾಗ ಅವರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂಡಾಣು ಬಿಡುಗಡೆಯಾಗಿ ವೀರ್ಯಾಣು ಸೇರುವುದು ಅದಾಗಿ ಸುಮಾರು ಎರಡು ವಾರಕ್ಕೆ. ಅಂದರೆ 6 ವಾರದ ಬಸುರಿಯ ಹೊಟ್ಟೆಯಲ್ಲಿರುವ ಭ್ರೂಣದ ವಯಸ್ಸು ನಿಜಕ್ಕೂ 4 ವಾರ. ಅವಳಿಗೆ ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುತ್ತದೆ. ಮುಟ್ಟು ಸರಿಯಾಗಿ ಬಾರದವರಿಗೆ ಆಗ ಅನುಮಾನವೂ ಬಂದಿರುವುದಿಲ್ಲ.

ಆ ಹೊತ್ತಿಗೆ ಭ್ರೂಣದ ಉದ್ದ ಸುಮಾರು 5 ಮಿಲಿಮೀಟರ್, ಒಂದು ಮಸೂರ ಬೇಳೆಯಷ್ಟು. ಸ್ಕ್ಯಾನಿಂಗ್ ಪರದೆ ಮೇಲೆ ಏನೋ ಮಿಣುಕುವುದು ಕಾಣುವುದು ನಿಜ. ಫಾರ್ವರ್ಡ್‌ನ ಅರ್ಧ ಸರಿಯಾದ ಮಾತು ಇದೇ. ಆದರೆ ಅಲ್ಲಿ ಮಿಡಿಯುತ್ತಿರುವುದು ನಾಲ್ಕು ಕೋಣೆಯ ಹೃದಯವಲ್ಲ, ಮುಂದೆ ಹೃದಯವಾಗಲಿರುವ ಒಂದು ನಳಿಗೆ. ಅದರ ಜೀವಕೋಶಗಳು ವಿದ್ಯುತ್ ಸಂಕೇತದಿಂದ ಕುಗ್ಗಿ ಹಿಗ್ಗುತ್ತವೆ. ನಮ್ಮ ಎದೆಯ ‘ಲಬ್ ಡಬ್’ ಬರುವುದು ಕವಾಟಗಳು ಮುಚ್ಚುವುದರಿಂದ. ಆ ವಾರದಲ್ಲಿ ಕವಾಟವೇ ಆಗಿರುವುದಿಲ್ಲ. ವಿಡಿಯೋದಲ್ಲಿ ಕೇಳಿಸುವ ಸದ್ದು ಚಲನೆಯನ್ನು ಯಂತ್ರ ಶಬ್ದಕ್ಕೆ ತಿರುಗಿಸಿ ಕೊಟ್ಟದ್ದು. ಇನ್ನು ಅಂಗೈ ಮೇಲಿನ ಆ ‘8 ವಾರದ ಮಗು’ ಬಹಳ ಸಲ ಪ್ಲಾಸ್ಟಿಕ್ ಗೊಂಬೆ. 12ನೇ ವಾರಕ್ಕೂ ತಲೆಯಿಂದ ಕುಂಡೆಯವರೆಗಿನ ಉದ್ದ ಐದಾರು ಸೆಂಟಿಮೀಟರ್ ಮೀರುವುದಿಲ್ಲ.

ಚಿತ್ರದ ಮಾತು ಬಂದಾಗ ಇದನ್ನೂ ಹೇಳಬೇಕು. ಗರ್ಭದೊಳಗಿನ ಶಿಶುವಿನ ಅತಿ ಪ್ರಸಿದ್ಧ ಚಿತ್ರಗಳನ್ನು ತೆಗೆದವರು ಸ್ವೀಡನ್ನಿನ ಛಾಯಾಗ್ರಾಹಕ ಲೆನಾರ್ಟ್ ನಿಲ್ಸನ್. 1965ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಬಂದವು. ನಕ್ಷತ್ರಗಳ ನಡುವೆ ತೇಲುವಂತೆ ಕಾಣುವ ಆ ಭ್ರೂಣಗಳಲ್ಲಿ ಹೆಚ್ಚಿನವು ಗರ್ಭಪಾತದ ನಂತರ ಹೊರಗೆ ಇಟ್ಟು ತೆಗೆದವು. ಗರ್ಭಪಾತದ ವಿರುದ್ಧ ಹಂಚುವ ಎಷ್ಟೋ ಚಿತ್ರಗಳ ಮೂಲ ಅಲ್ಲಿದೆ!

ನೋವಿನ ವಿಷಯ ಇಷ್ಟು ಸುಲಭವಲ್ಲ. ಮುಟ್ಟಿದರೆ ಕೈ ಹಿಂದೆಳೆದುಕೊಳ್ಳುವುದು ಬೇರೆ, ನೋವು ಅನುಭವಿಸುವುದು ಬೇರೆ. ಅನುಭವಕ್ಕೆ ಮಿದುಳಿನ ಹೊರಪದರಕ್ಕೆ ನರಗಳ ಸಂಪರ್ಕ ಆಗಬೇಕು, ಅದು ಆಗುವುದು ಸುಮಾರು 24ನೇ ವಾರದ ಹೊತ್ತಿಗೆ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2010ರಲ್ಲಿ ಇದೇ ಆಧಾರದ ಮೇಲೆ, 24 ವಾರಕ್ಕೆ ಮೊದಲು ನೋವಿನ ಅನುಭವ ಸಾಧ್ಯವಿಲ್ಲ ಎಂದಿತು. 2020ರಲ್ಲಿ ಇಬ್ಬರು ಸಂಶೋಧಕರು, ಅವರಲ್ಲಿ ಒಬ್ಬರು ಗರ್ಭಪಾತದ ಹಕ್ಕನ್ನು ಬೆಂಬಲಿಸುವವರೇ, ಅದಕ್ಕಿಂತ ಮೊದಲೂ ಯಾವುದೋ ಬಗೆಯ ನೋವು ಇರಬಹುದೆಂಬುದನ್ನು ತಳ್ಳಿಹಾಕಲಾಗದು ಎಂದು ಬರೆದರು. ಚರ್ಚೆ ನಡೆದಿದೆ. ಆದರೆ ಆ ಚರ್ಚೆಯಲ್ಲೂ ‘8ನೇ ವಾರ’ ಎಂಬ ಲೆಕ್ಕ ಇಲ್ಲ.

ವಿಜ್ಞಾನ ಒಂದು ದಿನ ಹೇಳುತ್ತದೆಯೇ?

‘ಜೀವ ಶುರುವಾಗುವುದು ಯಾವಾಗ’ ಎಂದು ಕೇಳಿದರೆ ಜೀವಶಾಸ್ತ್ರಜ್ಞರು ನಗುತ್ತಾರೆ. ಅಂಡಾಣುವೂ ಜೀವಂತ, ವೀರ್ಯಾಣುವೂ ಜೀವಂತ. ಎರಡೂ ಕೂಡಿದಾಗ ಹೊಸ ವಂಶವಾಹಿ ಇರುವ ಕೋಶ ಆಗುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ನಾವು ಕೇಳುತ್ತಿರುವುದು ‘ಅದು ವ್ಯಕ್ತಿಯೇ’ ಎಂದು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಲಾಗದು.

ಕೂಡಿದ ಕ್ಷಣವೇ ವ್ಯಕ್ತಿ ಎಂದುಕೊಳ್ಳಿ. ಆಗ ಒಂದು ತೊಡಕು ಬರುತ್ತದೆ. ಸುಮಾರು 14 ದಿನದವರೆಗೆ ಆ ಒಂದೇ ಭ್ರೂಣ ಎರಡಾಗಿ ಒಡೆದು ಅವಳಿ ಆಗಬಹುದು. ಒಬ್ಬ ವ್ಯಕ್ತಿ ಇಬ್ಬರಾದರು ಎನ್ನೋಣವೇ? ಇನ್ನೊಂದು ತೊಡಕು: ಫಲಿತವಾದ ಅಂಡಗಳಲ್ಲಿ ದೊಡ್ಡ ಪಾಲು ಗರ್ಭಕೋಶದಲ್ಲಿ ನೆಲೆಯೂರದೆ ಮುಟ್ಟಿನ ಜೊತೆ ಹೋಗಿಬಿಡುತ್ತವೆ. ಬಸಿರೆಂದು ಗೊತ್ತಾದ ಮೇಲೂ 100ಕ್ಕೆ 10ರಿಂದ 20 ಗರ್ಭ ತಾನಾಗಿ ನಿಲ್ಲುವುದಿಲ್ಲ, ಹೆಚ್ಚಿನವು ಮೊದಲ 12 ವಾರದಲ್ಲೇ. ಮುಖ್ಯ ಕಾರಣ ಕ್ರೋಮೋಸೋಮಿನ ದೋಷ. (ಕೊಡ ಎತ್ತಿದ್ದಕ್ಕೆ, ಪಪ್ಪಾಯಿ ತಿಂದಿದ್ದಕ್ಕೆ, ಅಮಾವಾಸ್ಯೆ ದಿನ ಹೊರಗೆ ಹೋಗಿದ್ದಕ್ಕೆ ಹೋಯಿತು ಎಂದು ಸೊಸೆಯನ್ನು ಬೈಯುವ ಅತ್ತೆಯಂದಿರಿಗೆ ಈ ಒಂದು ಸಾಲನ್ನು ಫಾರ್ವರ್ಡ್ ಮಾಡಿದರೂ ಸಾಕು.)

ಹಾಗಾದರೆ ‘ಹೊರಗೆ ಬದುಕಬಲ್ಲ ವಾರ’ವನ್ನು ಗೆರೆಯಾಗಿ ಇಟ್ಟುಕೊಳ್ಳೋಣವೇ? ಸಾಮಾನ್ಯವಾಗಿ ಅದು 24ನೇ ವಾರದ ಆಸುಪಾಸು ಎನ್ನುತ್ತಾರೆ. ಆದರೆ 2020ರ ಜುಲೈನಲ್ಲಿ ಅಮೆರಿಕದ ಅಲಬಾಮಾದಲ್ಲಿ 21 ವಾರ 1 ದಿನಕ್ಕೆ ಹುಟ್ಟಿದ ಕರ್ಟಿಸ್ ಮೀನ್ಸ್ ಎಂಬ ಮಗು ಬದುಕಿತು, ಗಿನ್ನೆಸ್ ದಾಖಲೆಯೂ ಆಯಿತು. ಅದು ಬದುಕಿದ್ದು ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ. ಅದೇ ವಾರಕ್ಕೆ ಅಂಕೋಲಾದ ಹಳ್ಳಿಯಲ್ಲಿ ನೋವು ಬಂದರೆ? ದೊಡ್ಡ ಆಸ್ಪತ್ರೆಗೆ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ, ಸುಮಾರು 130 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಬೇಕು. ಇಲ್ಲವೇ ಗೋವಾ, ಇಲ್ಲವೇ ಮಂಗಳೂರು. ‘ಬದುಕಬಲ್ಲದು’ ಎಂಬುದು ಭ್ರೂಣದ ಗುಣ ಮಾತ್ರವಲ್ಲ, ಹತ್ತಿರದ ಎನ್‌ಐಸಿಯು ಎಷ್ಟು ದೂರದಲ್ಲಿದೆ ಎಂಬುದೂ ಹೌದು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ವರ್ಷಗಟ್ಟಲೆ ಕೂಗಿದ ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿರಿಯರ ಲೆಕ್ಕ ಏನಿತ್ತು?

‘ನಮ್ಮ ಧರ್ಮದಲ್ಲಿ ಮೊದಲ ದಿನದಿಂದಲೇ’ ಎಂದು ಫಾರ್ವರ್ಡ್‌ಗಳು ಹೇಳುತ್ತವೆ. ಹಳೆಯ ಗ್ರಂಥಗಳು ಒಂದೇ ಮಾತು ಹೇಳುವುದಿಲ್ಲ. ಚರಕ ಸಂಹಿತೆ ಶುಕ್ರ, ಶೋಣಿತ, ಜೀವ ಮೂರೂ ಸೇರಿದಾಗಲೇ ಗರ್ಭ ಎನ್ನುತ್ತದೆ. ಅಂದರೆ ಶುರುವಿನಲ್ಲೇ ಜೀವ. ಗರ್ಭೋಪನಿಷತ್ತು ತಿಂಗಳು ತಿಂಗಳ ಬೆಳವಣಿಗೆ ವಿವರಿಸಿ, ಏಳನೇ ತಿಂಗಳಲ್ಲಿ ಜೀವ ಸೇರುತ್ತದೆ ಎನ್ನುತ್ತದೆ. ಸುಶ್ರುತ ನಾಲ್ಕನೇ ತಿಂಗಳಿಗೆ ಹೃದಯ ಸ್ಪಷ್ಟವಾಗುವುದರಿಂದ ಬಸುರಿಯನ್ನು ‘ಎರಡು ಹೃದಯದವಳು’ ಎಂದು ಕರೆಯುತ್ತಾನೆ. ಬಸುರಿಯ ಬಯಕೆ ತೀರಿಸಬೇಕು ಎಂಬ ಮಾತಿಗೆ ಶಾಸ್ತ್ರದ ಆಧಾರ ಅಲ್ಲಿದೆ.

ನಮಗೆ ಇವೆಲ್ಲಕ್ಕಿಂತ ಕುತೂಹಲದ್ದು ಸೂತಕದ ಲೆಕ್ಕ. ಗರ್ಭ ಹೋದರೆ ಎಷ್ಟು ತಿಂಗಳಾಗಿತ್ತೋ ಅಷ್ಟು ರಾತ್ರಿ ಸೂತಕ ಎನ್ನುತ್ತದೆ ಮನುಸ್ಮೃತಿ. ಪರಾಶರ ಸ್ಮೃತಿ ಇನ್ನೂ ವಿಂಗಡಿಸಿ, ನಾಲ್ಕು ತಿಂಗಳವರೆಗೆ ‘ಸ್ರಾವ’, ಐದಾರು ತಿಂಗಳಲ್ಲಿ ‘ಪಾತ’, ಆಮೇಲೆ ‘ಪ್ರಸೂತಿ’ ಎಂದು ಬೇರೆ ಬೇರೆ ಹೆಸರು ಕೊಡುತ್ತದೆ. ‘ಗರ್ಭಪಾತ’ ಎಂಬ ನಮ್ಮ ಇವತ್ತಿನ ಪದ ಒಂದು ಕಾಲಕ್ಕೆ ಐದಾರು ತಿಂಗಳಿಗಷ್ಟೇ ಸಲ್ಲುತ್ತಿತ್ತು ಎಂದಾಯಿತು. ಗರ್ಭವನ್ನು ಬೇಕೆಂದೇ ಕೆಡಿಸುವುದನ್ನು ಸ್ಮೃತಿಗಳು ಪಾಪ ಎಂದೇ ಹೇಳುತ್ತವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ದುಃಖವನ್ನು ಅಳೆಯುವಾಗ ಅವು ಒಂದೇ ಗೆರೆ ಎಳೆಯಲಿಲ್ಲ, ತಿಂಗಳಿಗೊಂದು ಮೆಟ್ಟಿಲು ಇಟ್ಟವು.

ಕರಾವಳಿಯ ಬೇರೆ ಸಮುದಾಯಗಳಲ್ಲೂ ಹೀಗೆಯೇ. ಕ್ಯಾಥೊಲಿಕ್ ಚರ್ಚು ಇಂದು ಮೊದಲ ಕ್ಷಣದಿಂದಲೇ ಎನ್ನುತ್ತದೆ. ಆದರೆ ಮಧ್ಯಯುಗದ ಅದರ ದೊಡ್ಡ ಪಂಡಿತ ಥಾಮಸ್ ಅಕ್ವಿನಾಸ್, ಅರಿಸ್ಟಾಟಲನನ್ನು ಅನುಸರಿಸಿ, ಮನುಷ್ಯನ ಆತ್ಮ ಕೆಲವು ವಾರ ಕಳೆದ ಮೇಲೆ ಬರುತ್ತದೆ ಎಂದು ನಂಬಿದ್ದ. ಶಿಕ್ಷೆಯ ನಿಯಮದಲ್ಲಿ ಆ ವ್ಯತ್ಯಾಸವನ್ನು ಚರ್ಚು ಕೈಬಿಟ್ಟದ್ದು 1869ರಲ್ಲಿ. ಇಸ್ಲಾಮಿನ ಹಲವು ವಿದ್ವಾಂಸರ ಲೆಕ್ಕ 120 ದಿನ, ಕೆಲವರದು 40.

ಒಂದೇ ಹೊಟ್ಟೆ, ಎರಡು ಕಾನೂನು

ಈಗ ಕಾನೂನಿಗೆ ಬರೋಣ. ‘ವ್ಯಕ್ತಿ’ ಎಂಬ ಪದ ಕಾನೂನಿನಲ್ಲಿ ‘ಮನುಷ್ಯ’ ಎಂಬುದಕ್ಕೆ ಸಮಾನವಲ್ಲ. ಕಂಪನಿ ಕಾನೂನಿನ ಕಣ್ಣಲ್ಲಿ ವ್ಯಕ್ತಿ. ದೇವಸ್ಥಾನದ ದೇವರೂ ವ್ಯಕ್ತಿ, ಪಹಣಿಯಲ್ಲಿ ದೇವರ ಹೆಸರಿಗೆ ಜಮೀನು ಇರುವುದನ್ನು ನೀವು ನೋಡಿರುತ್ತೀರಿ. ಯಾರಿಗೆ ಯಾವ ಕೆಲಸಕ್ಕಾಗಿ ಹಕ್ಕು ಕೊಡಬೇಕು ಎಂಬುದರ ಮೇಲೆ ಆ ಪದ ಹಿಗ್ಗುತ್ತದೆ, ಕುಗ್ಗುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮೀನುಗಾರನೊಬ್ಬ ದೋಣಿ ಮಗುಚಿ ತೀರಿಕೊಂಡ. ಉಯಿಲು ಬರೆದಿಲ್ಲ. ಹೆಂಡತಿಗೆ ಐದು ತಿಂಗಳು, ಅಂದರೆ 21 ವಾರ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 20ನೇ ಸೆಕ್ಷನ್ ಪ್ರಕಾರ ಆ ಹೊಟ್ಟೆಯಲ್ಲಿರುವ ಮಗುವಿಗೂ ಅಪ್ಪನ ಆಸ್ತಿಯಲ್ಲಿ ಪಾಲಿದೆ. ಅಪ್ಪ ಸಾಯುವ ಮೊದಲೇ ಹುಟ್ಟಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟೇ. ಷರತ್ತು ಒಂದೇ: ಜೀವಂತ ಹುಟ್ಟಬೇಕು. ಹುಟ್ಟದಿದ್ದರೆ ಪಾಲಿನ ಪ್ರಶ್ನೆಯೇ ಇಲ್ಲ.

ಅದೇ ಹೆಂಗಸಿಗೆ ವೈದ್ಯಕೀಯ ಗರ್ಭಪಾತ ಕಾಯ್ದೆ 1971 (ಎಂಟಿಪಿ ಕಾಯ್ದೆ) ಇನ್ನೊಂದು ಮಾತು ಹೇಳುತ್ತದೆ. 2021ರ ತಿದ್ದುಪಡಿಯ ನಂತರದ ನಿಯಮಗಳಂತೆ, ಬಸಿರಿನಲ್ಲಿರುವಾಗಲೇ ಗಂಡ ಸತ್ತವರು ಅಥವಾ ವಿಚ್ಛೇದನ ಆದವರು, ಇಬ್ಬರು ವೈದ್ಯರ ಅಭಿಪ್ರಾಯದೊಂದಿಗೆ 24 ವಾರದವರೆಗೆ ಗರ್ಭ ಮುಂದುವರಿಸದಿರಲು ಆರಿಸಿಕೊಳ್ಳಬಹುದು. ಒಂದು ಕಾನೂನು ಮಗುವಿಗಾಗಿ ಪಾಲು ಕಾದಿಡುತ್ತದೆ, ಇನ್ನೊಂದು ತೀರ್ಮಾನವನ್ನು ತಾಯಿಗೆ ಬಿಡುತ್ತದೆ. ಎರಡಕ್ಕೂ ಜಗಳವಿಲ್ಲ. ಏಕೆಂದರೆ ಎರಡೂ ‘ಅದು ವ್ಯಕ್ತಿಯೇ’ ಎಂದು ಕೇಳುತ್ತಿಲ್ಲ. ಮೊದಲನೆಯದು ‘ಹುಟ್ಟಿದರೆ ಅನ್ಯಾಯ ಆಗಬಾರದು’ ಎನ್ನುತ್ತದೆ, ಎರಡನೆಯದು ‘ಯಾವ ವಾರದವರೆಗೆ, ಯಾರು ತೀರ್ಮಾನಿಸಬೇಕು’ ಎಂದು ಕೇಳುತ್ತದೆ.

ಫಾರ್ವರ್ಡ್‌ನ ‘ಕೊಲೆ’ ಎಂಬ ಮಾತು ಇಲ್ಲಿ ಬೀಳುತ್ತದೆ. ಗರ್ಭದೊಳಗಿನ ಶಿಶುವಿನ ಸಾವು ನರಹತ್ಯೆಯಲ್ಲ ಎಂದು ಹಳೆಯ ಐಪಿಸಿ 299ನೇ ಸೆಕ್ಷನ್ನಿನ ವಿವರಣೆಯಲ್ಲೇ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 100ನೇ ಸೆಕ್ಷನ್ನಿನಲ್ಲೂ ಇದೆ. ಜೀವಂತ ಮಗುವಿನ ಯಾವುದಾದರೂ ಭಾಗ ಹೊರಬಂದ ಮೇಲೆ, ಅದು ಉಸಿರಾಡದೇ ಇದ್ದರೂ, ಲೆಕ್ಕ ಬದಲಾಗುತ್ತದೆ. ಹಾಗೆಂದು ಭ್ರೂಣಕ್ಕೆ ಯಾವ ರಕ್ಷಣೆಯೂ ಇಲ್ಲ ಎಂದಲ್ಲ. ಎಂಟಿಪಿ ಕಾಯ್ದೆಯ ಚೌಕಟ್ಟಿನ ಹೊರಗೆ ಗರ್ಭಪಾತ ಮಾಡಿಸುವುದು ಪ್ರತ್ಯೇಕ ಅಪರಾಧ. ಹೆಣ್ಣಿನ ಒಪ್ಪಿಗೆ ಇಲ್ಲದೆ ಮಾಡಿಸಿದರೆ ಜೀವಾವಧಿಯವರೆಗೂ ಶಿಕ್ಷೆ ಇದೆ. ಬಸುರಿ ಹೆಂಡತಿಗೆ ಹೊಡೆಯುವ, ಬಲವಂತದಿಂದ ಮಾತ್ರೆ ನುಂಗಿಸುವ ಗಂಡಂದಿರ ಬಗ್ಗೆ ಯಾಕೋ ಫಾರ್ವರ್ಡ್ ಬರುವುದಿಲ್ಲ.

ಬೆಳಗಾವಿಯ ಸವಿತಾ

‘ಮೊದಲಿನಿಂದಲೇ ಪೂರ್ತಿ ವ್ಯಕ್ತಿ, ತಾಯಿಗೆ ಸಮಾನ’ ಎಂದು ಸಂವಿಧಾನದಲ್ಲೇ ಬರೆದರೆ ಏನಾಗುತ್ತದೆ ಎಂಬುದಕ್ಕೆ ನಾವು ದೂರದ ಕಥೆ ಹುಡುಕಬೇಕಾಗಿಲ್ಲ. ನಮ್ಮ ಪಕ್ಕದ ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ ಕಥೆ ಸಾಕು.

ಐರ್ಲೆಂಡ್ 1983ರಲ್ಲಿ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದು, ಹುಟ್ಟದ ಮಗುವಿಗೂ ತಾಯಿಗೂ ಬದುಕುವ ಹಕ್ಕು ಸಮಾನ ಎಂದು ಬರೆದುಕೊಂಡಿತ್ತು. ಗಂಡ ಪ್ರವೀಣ್ ಜೊತೆ ಅಲ್ಲಿನ ಗಾಲ್ವೇ ನಗರದಲ್ಲಿದ್ದ 31 ವರ್ಷದ ಸವಿತಾ, 17 ವಾರದ ಬಸುರಿ, 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಾಯಿತು. ನೀರು ಒಡೆಯಿತು. ಇದು ಬೇಕಾದ ಮಗು, ಆಸೆಯ ಮಗು. ಆದರೂ ಉಳಿಯುವುದಿಲ್ಲ ಎಂದಾದ ಮೇಲೆ ಗರ್ಭ ತೆಗೆಯಿರಿ ಎಂದು ಸವಿತಾ ಕೇಳಿದರು. ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿದೆ, ಹಾಗಾಗಿ ಆಗುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತೂ ಬಂತು, ಅದನ್ನು ಹೇಳಿದ ದಾದಿ ಮುಂದೆ ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. 24ರಂದು ಭ್ರೂಣದ ಮಿಡಿತ ನಿಂತಿತು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಸೇರಿತ್ತು. 28ರಂದು ಸವಿತಾ ತೀರಿಕೊಂಡರು.

ತಪ್ಪು ಬರೀ ಕಾನೂನಿನದಲ್ಲ. 2013ರಲ್ಲಿ ಬಂದ ತನಿಖಾ ವರದಿ, ಸೋಂಕಿನ ಲಕ್ಷಣಗಳನ್ನು ಗಮನಿಸುವುದರಲ್ಲಿ ಆಸ್ಪತ್ರೆ ಸೋತಿತು ಎಂದೂ ಹೇಳಿತು. ಆದರೆ ಭ್ರೂಣದ ಮಿಡಿತ ನಿಲ್ಲಲಿ ಎಂದು ಕಾಯುವಂತೆ ಮಾಡಿದ್ದು ಕಾನೂನಿನ ಭಯ. 17 ವಾರದ ಭ್ರೂಣ ಹೇಗೂ ಬದುಕುತ್ತಿರಲಿಲ್ಲ. ‘ಇಬ್ಬರೂ ಸಮಾನ’ ಎಂಬ ಬರಹದಿಂದ ಅದು ಉಳಿಯಲಿಲ್ಲ, ಉಳಿಯಬಹುದಾಗಿದ್ದ ತಾಯಿಯೂ ಹೋದಳು.

ಐರ್ಲೆಂಡಿನ ಬೀದಿಗಳಲ್ಲಿ ಸವಿತಾ ಚಿತ್ರ ಹಿಡಿದು ಜನ ಮೆರವಣಿಗೆ ಹೊರಟರು. 2018ರ ಮೇ 25ರ ಜನಮತಗಣನೆಗೆ ಮೊದಲು ಆಕೆಯ ತಂದೆ ಬೆಳಗಾವಿಯಿಂದಲೇ, ನನ್ನ ಮಗಳನ್ನು ನೆನೆದು ಮತ ಹಾಕಿ ಎಂದು ಕೇಳಿಕೊಂಡರು. ಶೇ 66.4ರಷ್ಟು ಮಂದಿ ತಿದ್ದುಪಡಿ ತೆಗೆಯುವ ಪರ ಮತ ಹಾಕಿದರು.

ಭಾರತದಲ್ಲಿ ಇದೇ ಸ್ಥಿತಿ ಬಂದರೆ? ಎಂಟಿಪಿ ಕಾಯ್ದೆಯ 5ನೇ ಸೆಕ್ಷನ್ ಸ್ಪಷ್ಟವಾಗಿದೆ. ತಾಯಿಯ ಜೀವ ಉಳಿಸಲು ತಕ್ಷಣ ಬೇಕೆಂದಾದರೆ ವಾರದ ಮಿತಿಯೂ ಇಲ್ಲ, ಎರಡನೇ ವೈದ್ಯರ ಅಭಿಪ್ರಾಯಕ್ಕೆ ಕಾಯಬೇಕಾಗಿಯೂ ಇಲ್ಲ.

ಇತ್ತ ಅಮೆರಿಕ ಎದುರು ದಿಕ್ಕಿನಲ್ಲಿ ಹೊರಟಿದೆ. 2022ರ ಜೂನ್ 24ರಂದು ಅಲ್ಲಿನ ಸುಪ್ರೀಂ ಕೋರ್ಟು ಗರ್ಭಪಾತಕ್ಕೆ ಇದ್ದ ಸಾಂವಿಧಾನಿಕ ರಕ್ಷಣೆ ತೆಗೆಯಿತು. 2024ರ ಫೆಬ್ರವರಿಯಲ್ಲಿ ಅಲಬಾಮಾದ ಸುಪ್ರೀಂ ಕೋರ್ಟು, ಐವಿಎಫ್ ಕೇಂದ್ರದ ಫ್ರೀಜರಿನಲ್ಲಿರುವ ಭ್ರೂಣವೂ ಮಗುವೇ ಎಂದಿತು. ಕೂಡಲೇ ಕೆಲವು ಐವಿಎಫ್ ಕೇಂದ್ರಗಳು ಚಿಕಿತ್ಸೆ ನಿಲ್ಲಿಸಿದವು, ಮಗು ಬೇಕೆಂದು ಬಂದವರೇ ಬಾಗಿಲಲ್ಲಿ ನಿಂತರು. ಮುಂದಿನ ತಿಂಗಳೇ ಆ ರಾಜ್ಯ ಐವಿಎಫ್‌ಗೆ ರಕ್ಷಣೆ ಕೊಡುವ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ 2021ರ ಎಆರ್‌ಟಿ ಕಾಯ್ದೆ ಭ್ರೂಣವನ್ನು 10 ವರ್ಷದವರೆಗೆ ಶೇಖರಿಸಿಡಲು ಬಿಡುತ್ತದೆ, ಆಮೇಲೆ ಅದನ್ನು ನಶಿಸಲು ಬಿಡಬಹುದು ಅಥವಾ ಸಂಶೋಧನೆಗೆ ಕೊಡಬಹುದು. ‘6ನೇ ವಾರದ ಹೃದಯಬಡಿತ’ದ ಫಾರ್ವರ್ಡ್‌ಗಳು ಅಮೆರಿಕದ ಈ ಜಗಳದ ಭಾಷೆಯನ್ನೇ ಕನ್ನಡದಲ್ಲಿ ಆಡುತ್ತವೆ. ಅಲ್ಲಿ ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಅದು ಕಾನೂನು, ಇಲ್ಲಿ ಅಲ್ಲ.

ದೆಹಲಿಯಲ್ಲಿ ನ್ಯಾಯಮೂರ್ತಿಗಳೇ ಒಪ್ಪಲಿಲ್ಲ

ಇಷ್ಟು ಹೇಳಿ ‘ಭಾರತದಲ್ಲಿ ಎಲ್ಲ ಸಲೀಸು’ ಎಂದರೆ ಅದೂ ಫಾರ್ವರ್ಡ್ ಆದೀತು. 2023ರ ಅಕ್ಟೋಬರಿನಲ್ಲಿ ಎರಡು ಮಕ್ಕಳ 27 ವರ್ಷದ ತಾಯಿಯೊಬ್ಬರು ಸುಪ್ರೀಂ ಕೋರ್ಟಿಗೆ ಬಂದರು. ಹೆರಿಗೆ ನಂತರದ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದವರು. ಹಾಲುಣಿಸುತ್ತಿದ್ದುದರಿಂದ ಮುಟ್ಟು ಬಂದಿರಲಿಲ್ಲ, ಮತ್ತೆ ಬಸಿರಾದದ್ದು ಬಹಳ ತಡವಾಗಿ ಗೊತ್ತಾಯಿತು. ಕೋರ್ಟಿಗೆ ಬರುವಾಗ ಸುಮಾರು 26 ವಾರ. (ಹಾಲುಣಿಸುವಾಗ ಗರ್ಭ ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯೂ ಗಟ್ಟಿಯಾದ ನಂಬಿಕೆ. ಅದು ಸ್ವಲ್ಪ ಮಟ್ಟಿಗೆ ನಿಜವಾಗುವುದು ಹೆರಿಗೆಯ ನಂತರದ ಮೊದಲ ಆರು ತಿಂಗಳು, ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡದಿದ್ದಾಗ, ಮುಟ್ಟು ಮರಳದಿದ್ದಾಗ ಮಾತ್ರ.)

ಮೊದಲು ಇಬ್ಬರು ನ್ಯಾಯಮೂರ್ತಿಗಳು ಅನುಮತಿ ಕೊಟ್ಟರು. ಭ್ರೂಣ ಬದುಕಿ ಹುಟ್ಟುವ ಸಾಧ್ಯತೆ ಇದೆ, ಅದರ ಮಿಡಿತ ನಿಲ್ಲಿಸಬೇಕೇ ಎಂದು ಏಮ್ಸ್ ವೈದ್ಯರು ಕೇಳಿದಾಗ ಪೀಠ ಒಡೆಯಿತು. ನ್ಯಾಯಮೂರ್ತಿ ಹಿಮಾ ಕೊಹ್ಲಿ ತಮ್ಮ ಮನಸ್ಸು ಒಪ್ಪುವುದಿಲ್ಲ ಎಂದರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಭ್ರೂಣ ತಾಯಿಯನ್ನೇ ಅವಲಂಬಿಸಿರುವುದರಿಂದ ಅದನ್ನು ತಾಯಿಯಿಂದ ಬೇರೆಯಾದ ವ್ಯಕ್ತಿಯಾಗಿ ನೋಡಲಾಗದು, ಆಕೆಯ ನಿರ್ಧಾರಕ್ಕೆ ಬೆಲೆ ಕೊಡಬೇಕು ಎಂದರು. ಕೊನೆಗೆ ಅಕ್ಟೋಬರ್ 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. 24 ವಾರ ದಾಟಿದೆ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣಕ್ಕೆ ದೋಷವಿಲ್ಲ ಎಂಬುದು ಕಾರಣ. ಗಮನಿಸಿ, ಅಲ್ಲಿ ಗೆದ್ದದ್ದೂ ‘ಭ್ರೂಣ ವ್ಯಕ್ತಿ’ ಎಂಬ ವಾದವಲ್ಲ, ಕಾಯ್ದೆಯ ವಾರದ ಗೆರೆ.

ಇನ್ನೊಂದು ಪ್ರಶ್ನೆ ಓದುಗರು ಕೇಳಿಯೇ ಕೇಳುತ್ತಾರೆ, ಕೇಳಬೇಕಾದ್ದೇ. ಭ್ರೂಣ ವ್ಯಕ್ತಿಯಲ್ಲದಿದ್ದರೆ ಹೆಣ್ಣು ಭ್ರೂಣ ಹತ್ಯೆ ಯಾಕೆ ಅಪರಾಧ? 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಾಗ ನಮಗೆಲ್ಲ ಮೈ ಉರಿದದ್ದು ಯಾಕೆ? 1994ರ ಪಿಸಿಪಿಎನ್‌ಡಿಟಿ ಕಾಯ್ದೆ ನಿಷೇಧಿಸುವುದು ಲಿಂಗ ಪತ್ತೆಯನ್ನು. ಹೆಣ್ಣು ಎಂಬ ಒಂದೇ ಕಾರಣಕ್ಕೆ ಬೇಡ ಎನ್ನುವುದು ಹುಟ್ಟಿದ, ಹುಟ್ಟುವ ಎಲ್ಲ ಹೆಣ್ಣುಮಕ್ಕಳ ವಿರುದ್ಧದ ತಾರತಮ್ಯ. ಕಾನೂನು ತಡೆಯುವುದು ಅದನ್ನು. ‘ಭ್ರೂಣ ಹತ್ಯೆ’ ಎಂಬ ಪದವನ್ನು ಎಲ್ಲ ಗರ್ಭಪಾತಕ್ಕೂ ಅಂಟಿಸಿದರೆ, ನಿಜವಾದ ಅಪರಾಧಿ ಆಸ್ಪತ್ರೆಗೆ ನ್ಯಾಯವಾಗಿ ಬಂದ ಹೆಂಗಸಿನ ಬೆನ್ನ ಹಿಂದೆ ಅಡಗಿಕೊಳ್ಳುತ್ತಾನೆ.

ಕಾರವಾರ, ಅಂಕೋಲಾದವರಿಗೆ ಕೆಲಸಕ್ಕೆ ಬರುವ ಮಾತು

ಗಂಡನ ಸಹಿ ಬೇಕಿಲ್ಲ. 18 ವರ್ಷ ತುಂಬಿದ ಹೆಣ್ಣಿನ ಸ್ವಂತ ಒಪ್ಪಿಗೆ ಸಾಕು. 18ರೊಳಗಿನವರಿಗೆ ಮತ್ತು ಮಾನಸಿಕ ಅಸ್ವಸ್ಥರಿಗೆ ಮಾತ್ರ ಪೋಷಕರ ಸಹಿ ಬೇಕು. ಮದುವೆಯಾಗಿರಲೇಬೇಕೆಂದಿಲ್ಲ. ಅವಿವಾಹಿತೆಯರಿಗೂ ಅದೇ ಹಕ್ಕು ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಹೆಸರು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ, ಹೊರಗೆ ಹೇಳಿದರೆ ಒಂದು ವರ್ಷದವರೆಗೆ ಜೈಲು. ಹುಡುಗಿ 18ರೊಳಗಿದ್ದರೆ ಪೋಕ್ಸೊ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಅವಳೋ ಪೋಷಕರೋ ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಹೆಸರು ಕೊಡಬೇಕಿಲ್ಲ ಎಂಬುದೂ ಅದೇ ತೀರ್ಪಿನಲ್ಲಿದೆ.

20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ಇಬ್ಬರದು ಬೇಕು, ಅದೂ ನಿಯಮದಲ್ಲಿ ಹೇಳಿದ ಸಂದರ್ಭಗಳಿಗೆ: ಅತ್ಯಾಚಾರ, ಅಪ್ರಾಪ್ತ ವಯಸ್ಸು, ವೈಧವ್ಯ ಅಥವಾ ವಿಚ್ಛೇದನ, ಅಂಗವೈಕಲ್ಯ, ಭ್ರೂಣದ ದೋಷ ಇತ್ಯಾದಿ. 24 ದಾಟಿದ ಮೇಲೆ ಭ್ರೂಣಕ್ಕೆ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಬೇಕು. ಮಂಡಳಿ ಮೂರು ದಿನದಲ್ಲಿ ಅಭಿಪ್ರಾಯ ಕೊಡಬೇಕೆಂದು ನಿಯಮವಿದೆ.

ಕರಾವಳಿಯವರು ಎಡವುವುದು ಈ ಗೆರೆಗಳ ಹತ್ತಿರ. ಭ್ರೂಣದ ದೋಷ ಪತ್ತೆ ಮಾಡುವ ಅನಾಮಲಿ ಸ್ಕ್ಯಾನ್ ಮಾಡುವುದು 18ರಿಂದ 20ನೇ ವಾರದಲ್ಲಿ. ಅಲ್ಲಿ ಏನೋ ಕಂಡಿತು, ದೊಡ್ಡ ಊರಿಗೆ ಹೋಗಿ ಎಂದರು, ಮನೆಯಲ್ಲಿ ಹಿರಿಯರನ್ನು ಕೇಳಬೇಕು, ಹಣ ಹೊಂದಿಸಬೇಕು, ಮಳೆಗಾಲ ಬೇರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. ನಾಲ್ಕು ವಾರ ಹೋಗುವುದು ಹೀಗೆ. ಆದ್ದರಿಂದ ಆ ಸ್ಕ್ಯಾನನ್ನು 18ನೇ ವಾರಕ್ಕೇ ಮಾಡಿಸಿ, 20ಕ್ಕೆ ಬಿಡಬೇಡಿ.

ಮಾತ್ರೆಯ ಗರ್ಭಪಾತ 9 ವಾರದವರೆಗೆ ಮಾತ್ರ, ವೈದ್ಯರ ಚೀಟಿಯ ಮೇಲೆ ಮಾತ್ರ. ಯಾರಿಂದಲೋ ತರಿಸಿ ನುಂಗಿದರೆ ಎರಡು ಅಪಾಯ: ವಾರದ ಲೆಕ್ಕ ತಪ್ಪಿರಬಹುದು, ಅಥವಾ ಗರ್ಭ ಗರ್ಭಕೋಶದ ಹೊರಗೆ ನಾಳದಲ್ಲಿ ನಿಂತಿರಬಹುದು. ನಾಳದ ಗರ್ಭಕ್ಕೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಕುತ್ತು. ಮಾತ್ರೆಯ ನಂತರ ಗಂಟೆಗೆ ಎರಡು ಪ್ಯಾಡ್‌ನಂತೆ ಎರಡು ಗಂಟೆ ರಕ್ತ ಹೋದರೆ, ಜ್ವರ ಇಳಿಯದಿದ್ದರೆ, ಕೆಟ್ಟ ವಾಸನೆಯ ಸ್ರಾವ ಬಂದರೆ, ತಲೆ ಸುತ್ತಿ ಬಿದ್ದರೆ 108ಕ್ಕೆ ಕರೆ ಮಾಡಿ. ಮಾತ್ರೆ ನುಂಗಿದ್ದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಇನ್ನು, 72 ಗಂಟೆಯೊಳಗೆ ನುಂಗುವ ತುರ್ತು ಗರ್ಭನಿರೋಧಕ ಮಾತ್ರೆ ಗರ್ಭಪಾತದ ಮಾತ್ರೆಯಲ್ಲ. ಅದು ಅಂಡಾಣು ಬಿಡುಗಡೆಯನ್ನು ಮುಂದೂಡುತ್ತದೆ, ನಿಂತ ಗರ್ಭವನ್ನು ಕೀಳುವುದಿಲ್ಲ.

ಸರ್ಕಾರಿ ಆಸ್ಪತ್ರೆಗೆ ಈ ಸೇವೆಗೆ ಪ್ರತ್ಯೇಕ ಅನುಮೋದನೆ ಬೇಕಾಗಿಲ್ಲ, ಖಾಸಗಿ ಆಸ್ಪತ್ರೆಗೆ ಬೇಕು. ಅಂಕೋಲಾದವರಿಗೆ ತಾಲ್ಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಸುಮಾರು 35 ಕಿಲೋಮೀಟರ್ ದೂರದ ಕಾರವಾರದ ಕ್ರಿಮ್ಸ್. ಯಾರನ್ನು ಕೇಳಬೇಕೆಂದು ಗೊತ್ತಾಗದಿದ್ದರೆ ರಾಜ್ಯದ ಆರೋಗ್ಯ ಸಹಾಯವಾಣಿ 104. ಹೋದಾಗ ಕೊನೆಯ ಮುಟ್ಟಿನ ತಾರೀಕು ನೆನಪಿಟ್ಟುಕೊಂಡು ಹೋಗಿ, ‘ಇವತ್ತಿಗೆ ಎಷ್ಟು ವಾರ, ಎಷ್ಟು ದಿನ’ ಎಂಬುದನ್ನು ಸ್ಕ್ಯಾನಿಂಗ್ ವರದಿಯಲ್ಲಿ ನೋಡಿಕೊಳ್ಳಿ. ಬೇರೆ ಊರಿಗೆ ಕಳಿಸಿದರೆ ಆ ವರದಿಯನ್ನು ಜೊತೆಗೇ ಒಯ್ಯಿರಿ, ಮುಂದಿನ ವೈದ್ಯರು ಮೊದಲು ಕೇಳುವುದು ಅದನ್ನೇ.